ಅಂಕ ನೋಡಿ ಮಕ್ಕಳನ್ನು ವಿಂಗಡಿಸುವುದು ಬೇಡ

ಮಾನ್ಯ ಸಂಪಾದಕರೇ,

ಬಳ್ಳಾರಿಯ ಶಾಲೆಗಳಲ್ಲಿ ಮುಂದಿನ ಶೈಕ್ಷಣಿಕ ವರ್ಷದ ದಾಖಲಾತಿ ಆರಂಭವಾಗಿದೆ. ನಗರದಲ್ಲಿ ಕ್ರೈಸ್ತ ಸಂಸ್ಥೆಯೊಂದು ನಡೆಸುವ ಖಾಸಗಿ ಶಾಲೆಯಲ್ಲಿ ನನ್ನ ಇಬ್ಬರು ಮಕ್ಕಳು ಓದುತ್ತಿದ್ದಾರೆ. ಇತ್ತೀಚಿನ ಪೋಷಕರ ಸಭೆಯಲ್ಲಿ ಆಡಳಿತ ಮಂಡಳಿಯವರು, ಇನ್ನು ಮುಂದೆ ಎಂಟನೇ ತರಗತಿಯಿಂದಲೇ ಮಕ್ಕಳನ್ನು ಅಂಕಗಳ ಆಧಾರದ ಮೇಲೆ ಬೇರೆ ಬೇರೆ ವಿಭಾಗಗಳಿಗೆ ಹಂಚಲಾಗುವುದೆಂದೂ, ಮೇಲಿನ ವಿಭಾಗಕ್ಕೆ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗಳಾದ ನೀಟ್ ಮತ್ತು ಜೆಇಇಗೆ ಫೌಂಡೇಶನ್ ತರಬೇತಿ ಇರುವುದೆಂದೂ, ಅದಕ್ಕೆ ಸಮಯ ಹೊಂದಿಸಲು ಪ್ರೌಢಶಾಲೆಯ ಮಕ್ಕಳಿಗೆ ಶನಿವಾರದ ಸೇವಾ ಕಾರ್ಯವನ್ನೂ ಹೌಸ್ (ಶಾಲೆಯ ಮಕ್ಕಳ ತಂಡ) ಸ್ಪರ್ಧೆಗಳನ್ನೂ ಕೈಬಿಡಲಾಗುವುದೆಂದೂ ತಿಳಿಸಿದರು. ಸಭೆಯಲ್ಲಿದ್ದ ಬಹಳಷ್ಟು ಪೋಷಕರು ಚಪ್ಪಾಳೆ ತಟ್ಟಿ ಇದನ್ನು ಸ್ವಾಗತಿಸಿದರು. ಕೊಪ್ಪಳ ಮತ್ತು ರಾಯಚೂರಿನಲ್ಲಿರುವ ಬಂಧುಗಳೂ ತಮ್ಮ ಮಕ್ಕಳ ಶಾಲೆಗಳಲ್ಲಿ ಇಂಥದೇ ಮಾತು ಕೇಳಿಬರುತ್ತಿದೆ ಎನ್ನುತ್ತಾರೆ. ಆದ್ದರಿಂದ ಈ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಆಡಳಿತ ಮಂಡಳಿಗಳ ಮುಂದೆಯೂ ನನ್ನಂತಹ ಪೋಷಕರ ಮುಂದೆಯೂ ಇಡಲು ಬಯಸುತ್ತೇನೆ.

ನಾವು ಕ್ರೈಸ್ತರಲ್ಲ. ಫಲಿತಾಂಶದ ಫ್ಲೆಕ್ಸ್‌ಗಳನ್ನು ವೃತ್ತಕ್ಕೊಂದರಂತೆ ಕಟ್ಟುವ ಶಾಲೆಗಳು ಮನೆಗೆ ಹತ್ತಿರದಲ್ಲೇ ಇದ್ದರೂ ಈ ಶಾಲೆಯನ್ನು ಆರಿಸಿಕೊಂಡದ್ದಕ್ಕೆ ಇದ್ದ ಕಾರಣ ಒಂದೇ. ಇಲ್ಲಿ ಎಲ್ಲ ಬಗೆಯ ಮನೆಗಳ ಮಕ್ಕಳು ಒಂದೇ ಕೋಣೆಯಲ್ಲಿ ಕೂಡುತ್ತಾರೆ. ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವವರ ಮಗಳು, ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ವೈದ್ಯರ ಮಗ, ಅದಿರು ಲಾರಿ ಓಡಿಸುವವರ ಮಕ್ಕಳು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಪಾಳಿಯಲ್ಲಿ ಹೋಗುವವರ ಮಕ್ಕಳು, ಮನೆಯಲ್ಲಿ ಕನ್ನಡ, ತೆಲುಗು, ಉರ್ದು, ತಮಿಳು ಆಡುವವರೆಲ್ಲ ಅಕ್ಕಪಕ್ಕದಲ್ಲಿ ಕುಳಿತು ಬುತ್ತಿ ಹಂಚಿಕೊಂಡು ಉಣ್ಣುತ್ತಾರೆ. ಬಳ್ಳಾರಿಯಂತಹ ಊರಿನಲ್ಲಿ ಈ ಮನೆಗಳ ಹಿರಿಯರು ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಬರುವುದು ಅಪರೂಪ. ಮಕ್ಕಳ ಮೂಲಕವಾದರೂ ಆ ಪರಿಚಯ ಬೆಳೆಯುವುದನ್ನು ನಾನು ಕಂಡಿದ್ದೇನೆ.

ಅದು ಹೇಗೆ ಬೆಳೆಯುತ್ತದೆ ಎಂಬುದಕ್ಕೆ ತರಗತಿಯೊಳಗಿನದೇ ಒಂದು ಸಂಗತಿಯನ್ನು ಹೇಳಬೇಕು. ನನ್ನ ಮಗಳ ತರಗತಿಯಲ್ಲಿ ಭಿನ್ನರಾಶಿಯ ಪಾಠ ಹಲವರಿಗೆ ಹಿಡಿತಕ್ಕೆ ಸಿಕ್ಕಿರಲಿಲ್ಲ. ಲೆಕ್ಕದಲ್ಲಿ ಹಿಂದಿದ್ದಾಳೆ ಎಂದೇ ಎಲ್ಲರೂ ತಿಳಿದಿದ್ದ ಒಬ್ಬ ಹುಡುಗಿ ಮರುದಿನ ತನ್ನ ತಂದೆ ಬಳಸುವ ಟೇಪನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಂದಳು. ಅರ್ಧ ಇಂಚು, ಮುಕ್ಕಾಲು ಇಂಚು, ಒಂದೂಕಾಲು ಇಂಚು ಎಂದು ಬೆರಳಿಟ್ಟು ತೋರಿಸುತ್ತ, ಸೊಂಟದ ಪಟ್ಟಿಗೆ ಎಷ್ಟು ಬಟ್ಟೆ ಬಿಡಬೇಕು, ಕಾಲಿನ ಮಡಿಕೆಗೆ ಎಷ್ಟು ಬಿಡಬೇಕು, ಎರಡನ್ನೂ ಕೂಡಿಸಿ ಕತ್ತರಿ ಹಾಕುವುದು ಎಲ್ಲಿ ಎಂಬುದನ್ನು ಗೆಳತಿಯರಿಗೆ ವಿವರಿಸಿದಳು. ಶಿಕ್ಷಕಿ ಆ ದಿನ ಪುಸ್ತಕವನ್ನು ಬದಿಗಿಟ್ಟು ಅವಳನ್ನೇ ಕಪ್ಪುಹಲಗೆಯ ಬಳಿಗೆ ಕರೆದರು. ನನ್ನ ಮಗಳು ಬೇರೆ ಬೇರೆ ಛೇದಗಳ ಭಿನ್ನರಾಶಿಗಳನ್ನು ಕೂಡಿಸುವುದನ್ನು ಕಲಿತದ್ದು ಆ ಟೇಪಿನ ಮೇಲೆ. ಅದೇ ಹುಡುಗಿಗೆ ಒತ್ತಕ್ಷರ ತಪ್ಪದಂತೆ ಕನ್ನಡ ಬರೆಯುವುದನ್ನು ನನ್ನ ಮಗಳು ಈಗಲೂ ಮಧ್ಯಾಹ್ನದ ಬಿಡುವಿನಲ್ಲಿ ಹೇಳಿಕೊಡುತ್ತಾಳೆ. ಹೊಸ ವ್ಯವಸ್ಥೆ ಜಾರಿಗೆ ಬಂದರೆ ಈ ಇಬ್ಬರೂ ಎಂಟನೇ ತರಗತಿಯಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ಇರುತ್ತಾರೆ. ಒಂದು ವೇಳೆ ಆ ಹುಡುಗಿಗೆ ಮೇಲಿನ ವಿಭಾಗಕ್ಕೆ ಬೇಕಾದಷ್ಟು ಅಂಕ ಬಂದರೂ ತರಬೇತಿಗೆಂದು ಪ್ರತ್ಯೇಕವಾಗಿ ಕೇಳುವ ಶುಲ್ಕವನ್ನು ಆ ಮನೆಯವರು ಎಲ್ಲಿಂದ ತರಬೇಕು? ಅಂಕದ ಹೆಸರಿನಲ್ಲಿ ಆರಂಭವಾಗುವ ವಿಂಗಡಣೆ ವರ್ಷ ಕಳೆಯುವುದರೊಳಗೆ ಹಣದ ವಿಂಗಡಣೆಯಾಗುತ್ತದೆ ಎಂಬುದೇ ನನ್ನ ಮುಖ್ಯ ಆತಂಕ.

ಶನಿವಾರದ ಸೇವಾ ಕಾರ್ಯವನ್ನು ಕೆಲವರು ಕಾಲಹರಣ ಎಂದು ಭಾವಿಸಿರುವಂತಿದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಲ್ಲಿ ನಮ್ಮ ಶಾಲೆಯ ಪ್ರತಿ ತರಗತಿಯಲ್ಲೂ ಒಂದು ಡಬ್ಬಿ ಇಡುತ್ತಾರೆ. ಮಕ್ಕಳು ಮನೆಯಿಂದ ಒಂದು ಹಿಡಿ ಅಕ್ಕಿಯನ್ನೋ ಜೋಳವನ್ನೋ ತಂದು ಅದಕ್ಕೆ ಹಾಕುತ್ತಾರೆ. ಇದರಲ್ಲಿ ಕ್ರೈಸ್ತರು, ಹಿಂದೂಗಳು, ಮುಸ್ಲಿಮರು ಎಂಬ ಭೇದವಿಲ್ಲ, ಬಲವಂತವೂ ಇಲ್ಲ. ಶನಿವಾರ ಅದನ್ನು ದೊಡ್ಡ ಮಕ್ಕಳು ಶಿಕ್ಷಕರ ಜೊತೆಗೆ ವೃದ್ಧಾಶ್ರಮಕ್ಕೆ ಒಯ್ಯುತ್ತಾರೆ. ಒಮ್ಮೆ ಹೀಗೆ ಹೋದ ಮಕ್ಕಳಿಗೆ, ಹಿಂದಿನ ವಾರ ತಾವು ಕೊಟ್ಟ ಜೋಳ ಚೀಲದಲ್ಲಿ ಹಾಗೆಯೇ ಇರುವುದು ಕಂಡಿತು. ಗಿರಣಿಗೆ ಹೊತ್ತೊಯ್ದು ಬೀಸಿಸಿಕೊಂಡು ಬರುವವರು ಅಲ್ಲಿ ಯಾರೂ ಇರಲಿಲ್ಲ. ಮಕ್ಕಳೇ ಮಾತನಾಡಿಕೊಂಡು ಮುಂದಿನ ವಾರದಿಂದ ಜೋಳವನ್ನು ಗಿರಣಿಗೆ ಹಾಕಿಸಿ, ಹಿಟ್ಟು ಮಾಡಿಸಿ ಒಯ್ಯತೊಡಗಿದರು. ಬೀಸುವ ಕೂಲಿಯನ್ನು ಯಾರು ಕೊಡಬೇಕು ಎಂಬುದಕ್ಕೂ ಅವರೇ ಸರದಿ ಮಾಡಿಕೊಂಡರು. ಕೊಟ್ಟದ್ದು ಪಡೆದವರ ಉಪಯೋಗಕ್ಕೆ ಬಂತೇ ಎಂದು ತಿರುಗಿ ನೋಡುವ ಈ ಬುದ್ಧಿಯನ್ನು ನಾನು ಮನೆಯಲ್ಲಿ ಎಷ್ಟು ಹೇಳಿದರೂ ಕಲಿಸಲು ಆಗುತ್ತಿರಲಿಲ್ಲ.

ಹೌಸ್ ವ್ಯವಸ್ಥೆಯ ಬಗ್ಗೆಯೂ ಎರಡು ಮಾತು. ಒಂದೊಂದು ಹೌಸಿನಲ್ಲೂ ಎಲ್ಲ ತರಗತಿಗಳ ಮಕ್ಕಳು ಇರುವುದರಿಂದ ದೊಡ್ಡವರು ಚಿಕ್ಕವರನ್ನು ನೋಡಿಕೊಳ್ಳುವುದು ಸಹಜವಾಗಿ ನಡೆಯುತ್ತದೆ. ಓದಿನಲ್ಲಿ ನಡುವಿನ ಸಾಲಿನಲ್ಲಿರುವ ಹುಡುಗ ಖೋ ಖೋ ತಂಡದ ನಾಯಕನಾಗಿ ನಿಂತಾಗ ಅವನಿಗೆ ಸಿಗುವ ಗೌರವ, ಅದರಿಂದ ಅವನ ಓದಿಗೂ ಬರುವ ಹುರುಪು, ಪ್ರಗತಿ ಪತ್ರದ ಯಾವ ಕಾಲಮ್ಮಿನಲ್ಲೂ ಕಾಣುವುದಿಲ್ಲ. ಸರ್ಕಾರವೇ ಬ್ಯಾಗ್ ರಹಿತ ಸಂಭ್ರಮ ಶನಿವಾರವನ್ನು ತಂದಿರುವಾಗ, ಪ್ರತಿಭಾ ಕಾರಂಜಿಗೆ ಎಲ್ಲ ಶಾಲೆಗಳ ಮಕ್ಕಳನ್ನೂ ಕರೆಯುತ್ತಿರುವಾಗ, ಇಂತಹ ಚಟುವಟಿಕೆಗಳಿಗೆ ಹಿಂದಿನಿಂದಲೂ ಹೆಸರಾದ ಶಾಲೆಗಳು ಅವನ್ನು ಕೈಬಿಡುವುದು ವಿಷಾದದ ಸಂಗತಿ.

ಈ ಭಾಗದಲ್ಲಿ ಕ್ರೈಸ್ತರ ಶಿಕ್ಷಣ ಸೇವೆಗೆ ದೀರ್ಘ ಇತಿಹಾಸವಿದೆ. ಲಂಡನ್ ಮಿಷನ್ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸದ ಜೊತೆಗೆ ಶಾಲೆಗಳನ್ನೂ ತೆರೆದರು. ಅದೇ ಮಿಷನ್ನಿನ ವಾರ್ಡ್‌ಲಾ ಶಾಲೆಯ ಹೆಸರನ್ನು ಬಳ್ಳಾರಿಯ ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. 1949ರಲ್ಲಿ ಬಳ್ಳಾರಿ ಕಥೋಲಿಕ ಧರ್ಮಪ್ರಾಂತ್ಯ (ಬಿಷಪ್ಪರ ಆಡಳಿತ ವ್ಯಾಪ್ತಿ) ಸ್ಥಾಪನೆಯಾದ ಬಳಿಕ ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದಲ್ಲಿ ಫಾದರ್‌ಗಳೂ ಸಿಸ್ಟರ್‌ಗಳೂ ನಡೆಸುವ ಶಾಲೆಗಳು ಬೆಳೆದವು. ಕೂಡಿ ಕಲಿಯುವುದಕ್ಕೆ ಈ ನೆಲದಲ್ಲಿ ಕ್ರೈಸ್ತೇತರ ಮಾದರಿಯೂ ಉಂಟು. ಪಂಡಿತ ತಾರಾನಾಥರು 1920ರಲ್ಲಿ, ನಿಜಾಮರ ಆಳ್ವಿಕೆಯ ರಾಯಚೂರಿನಲ್ಲಿ, ಹಮ್‌ದರ್ದ್ ಶಾಲೆಯನ್ನು ಕಟ್ಟಿದ್ದು ಧರ್ಮಗಳ ನಡುವಿನ ಸೌಹಾರ್ದದ ತಳಹದಿಯ ಮೇಲೆ. ಹೊರನಾಡಿನಿಂದ ಬಂದ ಹ್ಯಾಂಡ್ಸ್ ಅವರು ಕನ್ನಡ ಕಲಿತು ಮಾಡಿದ ಕೆಲಸವನ್ನು ನೆನೆದಾಗ, ಆಟದ ಮೈದಾನದಲ್ಲಿ ಕನ್ನಡ ಮಾತನಾಡಿದ ಮಕ್ಕಳಿಗೆ ದಂಡ ಹಾಕುವ ಪದ್ಧತಿ ಎಲ್ಲಿ ಉಳಿದಿದ್ದರೂ ಅದು ತಕ್ಷಣ ನಿಲ್ಲಬೇಕು ಎಂಬ ಮಾತನ್ನೂ ಇಲ್ಲಿಯೇ ಸೇರಿಸುತ್ತೇನೆ.

ಕ್ರೈಸ್ತ ಶಾಲೆಗಳ ಸಾಮೂಹಿಕ ಪ್ರಾರ್ಥನೆ ಮತ್ತು ಸೇವಾ ಕಾರ್ಯಗಳ ಬಗ್ಗೆ ಕೆಲವು ಪೋಷಕರಲ್ಲಿ ಅನುಮಾನಗಳಿವೆ ಎಂಬುದು ನನಗೆ ತಿಳಿದಿದೆ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಸರ್ಕಾರದ ಮಾನ್ಯತೆ ಇಲ್ಲವೇ ಅನುದಾನ ಪಡೆದ ಸಂಸ್ಥೆಯಲ್ಲಿ ಓದುವ ಅಪ್ರಾಪ್ತ ವಯಸ್ಸಿನ ಮಕ್ಕಳನ್ನು ಪೋಷಕರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಯಲ್ಲಾಗಲಿ ಆರಾಧನೆಯಲ್ಲಾಗಲಿ ಪಾಲ್ಗೊಳ್ಳಲು ಒತ್ತಾಯಿಸಬಾರದು ಎಂದು 28ನೇ ವಿಧಿಯ ಮೂರನೇ ಉಪವಿಧಿ ಹೇಳುತ್ತದೆ. ನಮ್ಮ ಶಾಲೆಯಲ್ಲಿ ಕ್ರೈಸ್ತ ಮಕ್ಕಳು ಧರ್ಮೋಪದೇಶದ ತರಗತಿಗೆ ಹೋಗುವ ವೇಳೆಯಲ್ಲಿ ಉಳಿದ ಮಕ್ಕಳಿಗೆ ಮೌಲ್ಯ ಶಿಕ್ಷಣದ ತರಗತಿ ನಡೆಯುತ್ತದೆ. ಹೀಗೆ ಎಲ್ಲವೂ ಪೋಷಕರ ಕಣ್ಣೆದುರಿಗೆ, ಅವರ ಲಿಖಿತ ಒಪ್ಪಿಗೆಯೊಂದಿಗೆ ನಡೆದರೆ ಅನುಮಾನಕ್ಕೆ ಆಸ್ಪದವಿರುವುದಿಲ್ಲ. ಡಿಸೆಂಬರಿನಲ್ಲಿ ಶಾಲೆಯ ಅಂಗಳದಲ್ಲಿ ಯೇಸುವಿನ ಜನನದ ದೃಶ್ಯವನ್ನು ತೋರಿಸುವ ಗೋದಲಿ ಕಟ್ಟಲು ನನ್ನ ಮಗ ಹುಲ್ಲು ತಂದುಕೊಟ್ಟದ್ದರಿಂದ ನಮ್ಮ ಮನೆಯ ಪೂಜೆಗೆ ಯಾವ ಕೊರತೆಯೂ ಆಗಿಲ್ಲ.

ಬಡ ಮಕ್ಕಳ ಪ್ರವೇಶದ ವಿಷಯ ಇದಕ್ಕಿಂತ ಹೆಚ್ಚು ಗಂಭೀರವಾದದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಖಾಸಗಿ ಶಾಲೆಗಳ ಆರಂಭಿಕ ತರಗತಿಯಲ್ಲಿ ಶೇ 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. ಆದರೆ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರಲ್ಲಿ ತೀರ್ಪಿತ್ತಿತು. ಆ ತೀರ್ಪು ಸರಿಯೇ ಎಂಬ ಪ್ರಶ್ನೆಯನ್ನು 2025ರಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ಎತ್ತಿದೆ. ನ್ಯಾಯಾಲಯ ಮುಂದೆ ಏನೇ ಹೇಳಲಿ, ಬಡವರ ಮಕ್ಕಳಿಗೆ ಬಾಗಿಲು ತೆರೆಯುವುದಕ್ಕೆಂದೇ ಹುಟ್ಟಿದ ಸಂಸ್ಥೆಗಳು ಕಾನೂನಿನ ಒತ್ತಾಯಕ್ಕಾಗಿ ಕಾಯಬಾರದು. ಜೀನ್ಸ್ ಹೊಲಿಯುವವರ, ಹಮಾಲರ, ಮನೆಗೆಲಸದವರ ಮಕ್ಕಳಿಗೆ ಪ್ರತಿ ವರ್ಷ ಎಷ್ಟು ಸೀಟುಗಳನ್ನು ಕೊಡಲಾಗುತ್ತಿದೆ, ಎಷ್ಟು ಶುಲ್ಕ ವಿನಾಯಿತಿ ಇದೆ ಎಂಬುದನ್ನು ಶಾಲೆಯ ಸೂಚನಾ ಫಲಕದಲ್ಲಿ ಹಾಕಲಿ.

ಚಪ್ಪಾಳೆ ತಟ್ಟಿದ ಪೋಷಕರ ಭಯವನ್ನು ನಾನು ಅಲ್ಲಗಳೆಯುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಹೆಸರನ್ನು ಪಟ್ಟಿಯ ಕೊನೆಯಲ್ಲಿ ಹುಡುಕುವ ಸ್ಥಿತಿ ನಮ್ಮದಾಗಿದೆ. 625ಕ್ಕೆ ಎಷ್ಟು ಬಂತು ಎಂಬ ಪ್ರಶ್ನೆ ಮಗುವಿಗೆ ಬರುವ ಮೊದಲು ಪೋಷಕರಿಗೆ ನೆಂಟರಿಷ್ಟರಿಂದ ಬರುತ್ತದೆ. ಆದರೆ ಹದಿಮೂರು ವರ್ಷದ ಮಗುವನ್ನು ನೀಟ್ ಓಟಕ್ಕೆ ನಿಲ್ಲಿಸಬೇಕಾದ ಅನಿವಾರ್ಯ ನಮಗೆ ಇದೆಯೇ? ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಈ ಭಾಗದ ವೃತ್ತಿಪರ ಕಾಲೇಜುಗಳಲ್ಲಿ ಶೇ 70ರಷ್ಟು, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟುಗಳು ನಮ್ಮ ಮಕ್ಕಳಿಗೆ ಮೀಸಲಾಗಿವೆ. ಈ ಸೌಲಭ್ಯವನ್ನು ಬಳಸಿಕೊಳ್ಳಲು ಬೇಕಿರುವುದು ಗಣಿತ, ವಿಜ್ಞಾನಗಳಲ್ಲಿ ಎಲ್ಲ ಮಕ್ಕಳಿಗೂ ಗಟ್ಟಿಯಾದ ಬುನಾದಿ. ಒಳ್ಳೆಯ ಶಿಕ್ಷಕರನ್ನೆಲ್ಲ ಮೇಲಿನ ವಿಭಾಗಕ್ಕೆ ಕಳುಹಿಸಿ ಉಳಿದವರನ್ನು ಅನನುಭವಿಗಳ ಕೈಗೆ ಒಪ್ಪಿಸಿದರೆ ಆ ಬುನಾದಿ ಬೀಳುವುದಿಲ್ಲ.

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಕೋಚಿಂಗ್ ಕೇಂದ್ರಗಳು 16 ವರ್ಷದೊಳಗಿನ ಮಕ್ಕಳನ್ನು ಸೇರಿಸಿಕೊಳ್ಳುವಂತಿಲ್ಲ. ಹೊರಗಿನ ಕೇಂದ್ರಕ್ಕೆ ಸಲ್ಲದ ಕೆಲಸವನ್ನು ಶಾಲೆಯ ಕೋಣೆಯೊಳಗೆ ತಂದು ನಡೆಸುವುದು ಹೇಗೆ ಸರಿಯಾಗುತ್ತದೆ? ವಿಶಾಖಪಟ್ಟಣದಲ್ಲಿ ನೀಟ್‌ಗೆ ತಯಾರಿ ನಡೆಸುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಕೊಟ್ಟ ನಿರ್ದೇಶನಗಳಲ್ಲಿ, ಶಿಕ್ಷಣ ಸಂಸ್ಥೆಗಳು, ವಿಶೇಷವಾಗಿ ಕೋಚಿಂಗ್ ಸಂಸ್ಥೆಗಳು, ಓದಿನ ಸಾಧನೆಯ ಆಧಾರದ ಮೇಲೆ ವಿದ್ಯಾರ್ಥಿಗಳನ್ನು ಬೇರೆ ಬೇರೆ ಬ್ಯಾಚ್‌ಗಳಾಗಿ ವಿಂಗಡಿಸುವುದನ್ನೂ, ಎಲ್ಲರ ಮುಂದೆ ಅವಮಾನಿಸುವುದನ್ನೂ, ಅವರ ಶಕ್ತಿಗೆ ಮೀರಿದ ಗುರಿಗಳನ್ನು ಹೇರುವುದನ್ನೂ ಸಾಧ್ಯವಾದಷ್ಟು ಬಿಡಬೇಕು ಎಂಬುದು ಸೇರಿದೆ. ನಮ್ಮ ಆಡಳಿತ ಮಂಡಳಿ ತನ್ನ ತೀರ್ಮಾನಕ್ಕೆ ಮುನ್ನ ಇದನ್ನು ಓದಿದೆಯೇ ಎಂದು ಸಭೆಯಲ್ಲಿ ಕೇಳಿದಾಗ ಸ್ಪಷ್ಟ ಉತ್ತರ ಸಿಗಲಿಲ್ಲ.

ಹೆಚ್ಚಿನ ಅಭ್ಯಾಸ ಬೇಕೆನ್ನುವ ಮಕ್ಕಳಿಗೆ ಸಂಜೆಯ ಹೊತ್ತು ಒಂದು ತಾಸು ಶಾಲೆಯಲ್ಲೇ ಅಭ್ಯಾಸ ತರಗತಿ ನಡೆಸಲಿ, ಅದಕ್ಕೆ ನನ್ನ ವಿರೋಧವಿಲ್ಲ. ಅದು ಪ್ರತ್ಯೇಕ ಶುಲ್ಕವಿಲ್ಲದೆ, ಅಂಕದ ಮಿತಿಯಿಲ್ಲದೆ, ಬರಬೇಕೆನ್ನುವ ಎಲ್ಲರಿಗೂ ಇರಲಿ. ಬೆಳಗಿನ ಪ್ರಾರ್ಥನಾ ಸಭೆ, ಆಟದ ಅವಧಿ, ಹೌಸ್, ಶನಿವಾರದ ಸೇವೆ ಈಗ ಇರುವಂತೆಯೇ ಹತ್ತನೇ ತರಗತಿಯವರೆಗೂ ಮುಂದುವರಿಯಲಿ. ವಿಭಾಗಗಳನ್ನು ಹಿಂದಿನಂತೆ ಎಲ್ಲ ಬಗೆಯ ಮಕ್ಕಳನ್ನೂ ಬೆರೆಸಿ ಮಾಡಲಿ. ಜೂನ್ ತಿಂಗಳಲ್ಲಿ ತರಗತಿಗಳು ಆರಂಭವಾಗುವ ಮುನ್ನ ಆಡಳಿತ ಮಂಡಳಿಯು ಇನ್ನೊಂದು ಪೋಷಕರ ಸಭೆ ಕರೆದು, ಶಿಕ್ಷಕರಿಗೂ ಹೌಸ್ ನಾಯಕರಾಗಿರುವ ಮಕ್ಕಳಿಗೂ ಮಾತನಾಡಲು ಅವಕಾಶ ಕೊಟ್ಟು, ನಂತರ ತೀರ್ಮಾನ ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ. ಹಿಂದಿನ ಸಭೆಯನ್ನು ಕೆಲಸದ ದಿನ ಬೆಳಿಗ್ಗೆ ಇಟ್ಟಿದ್ದರಿಂದ ಹೊಲಿಗೆ ಕೆಲಸದವರೂ ಪಾಳಿಯಲ್ಲಿ ದುಡಿಯುವವರೂ ಬಂದಿರಲಿಲ್ಲ. ಈ ಸಲ ಅದನ್ನು ಭಾನುವಾರ ಚರ್ಚಿನ ಆರಾಧನೆ ಮುಗಿದ ಮೇಲೆ ಇಟ್ಟರೆ ಅವರೂ ಬರಲು ಅನುಕೂಲವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪೋಷಕಿ, ಬಳ್ಳಾರಿ