ಪುಟ್ಟಿ, ಮೊದಲು ವರ್ಷನ್ ನೋಡು

ಪ್ರೀತಿಯ ಪುಟ್ಟಿ,

ಹಾಸನದಲ್ಲೂ ಮಳೆ ಹಿಡಿದುಕೊಂಡಿದೆ ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಇಲ್ಲಿ ಚಿಕ್ಕಮಗಳೂರಿನಲ್ಲಿ ಬೆಳಗಿನಿಂದ ಕರೆಂಟಿಲ್ಲ. ಆಫೀಸಿನಲ್ಲಿ ಎಲ್ಮ್ ಅನ್ನುವ, ವೆಬ್ ಪುಟ ಮಾಡುವ ಪ್ರೋಗ್ರಾಮಿಂಗ್ ಭಾಷೆಯ ಕೆಲಸ ಕೊಟ್ಟಿದ್ದಾರೆ, ಹುಡುಕಿದರೆ ಸಿಗುವುದೆಲ್ಲ ಹಳೆಯದು, ಈ ಭಾಷೆ ಸತ್ತೇ ಹೋಗಿದೆಯಾ ಅಂತ ಕೇಳಿದ್ದೀಯ. ಸತ್ತಿಲ್ಲ ಕಣೇ, ಗಾಬರಿಯಾಗಬೇಡ.

ತಾರೀಖು ಬಿಡು, ವರ್ಷನ್ ನೋಡು. ಇವಾನ್ ಚಾಪ್ಲಿಕಿ ಎಲ್ಮ್ ತಂದದ್ದು 2012ರಲ್ಲಿ. 2018ರಲ್ಲಿ 0.19 ಬಂತು, ಮರುವರ್ಷ 0.19.1. ಆಮೇಲೆ ಭಾಷೆ ಹೆಚ್ಚು ಕಡಿಮೆ ಅಲ್ಲೇ ನಿಂತಿದೆ, ಹಾಗಾಗಿ ಐದು ವರ್ಷದಿಂದ ಯಾರೂ ಕೈ ಹಾಕದ ಪ್ಯಾಕೇಜ್ (ಬೇರೆಯವರು ಬರೆದು ಹಂಚಿದ ಕೋಡು) ಕೂಡ 0.19ಕ್ಕೆ ಬರೆದದ್ದಾದರೆ ಸಾಮಾನ್ಯವಾಗಿ ಇವತ್ತಿಗೂ ಓಡುತ್ತದೆ. 0.18ರ ಪಾಠ ಮಾತ್ರ ಎಷ್ಟೇ ಚೆನ್ನಾಗಿದ್ದರೂ ಬೇಡ. ನಾನು ಬೆಂಗಳೂರಿನಲ್ಲಿದ್ದಾಗ ದುಡ್ಡು ಕೊಟ್ಟು ಒಂದು ವಿಡಿಯೊ ಕೋರ್ಸ್ ತಗೊಂಡು ಎರಡು ರಾತ್ರಿ ಒದ್ದಾಡಿದೆ. ಅದರಲ್ಲಿ ಪ್ರೋಗ್ರಾಂ ಶುರುವಾಗುವುದೇ ಎಚ್‌ಟಿಎಂಎಲ್‌ನ ಬಿಗಿನರ್‌ಪ್ರೋಗ್ರಾಂ ಅಂತ, ಹೊಸದರಲ್ಲಿ ಅದು ಬ್ರೌಸರ್‌ನ ಸ್ಯಾಂಡ್‌ಬಾಕ್ಸ್ ಆಗಿದೆ. ತಪ್ಪು ನನ್ನದೇ ಅಂದುಕೊಂಡು ಅತ್ತಿದ್ದೆ ಕೂಡ. ನಿನಗೆ ಹಾಗಾಗಬಾರದು ಅಂತಲೇ ಇಷ್ಟು ಬರೆಯುತ್ತಿರುವುದು.

ಓದಲು ಭಾಷೆಯ ಅಧಿಕೃತ ಗೈಡ್ ಸಾಕು. ಬಟನ್ ಒತ್ತಿದರೆ ಅಂಕಿ ಏರುವ, ಇಳಿಯುವ ಉದಾಹರಣೆ ಮೊದಲಲ್ಲೇ ಇದೆ, ಕಾಪಿ ಮಾಡದೆ ನಿನ್ನ ಕೈಯಾರೆ ಟೈಪ್ ಮಾಡು. ಏನೂ ಇನ್‌ಸ್ಟಾಲ್ ಮಾಡದೆ ಪ್ರಯತ್ನಿಸಲು ಬ್ರೌಸರ್‌ನಲ್ಲೇ ಓಡುವ ‘ಎಲ್ಲಿ’ (Ellie) ಅನ್ನುವ ಹೆಸರಿನ ಎಡಿಟರ್ ಇದೆ. ಕಂಪ್ಯೂಟರಿಗೆ ಎಲ್ಮ್-ಫಾರ್ಮ್ಯಾಟ್ ಹಾಕಿಕೋ, ಕೋಡನ್ನು ಅದೇ ಒಪ್ಪವಾಗಿ ಜೋಡಿಸುತ್ತದೆ. ಕೋಡ್ ಸ್ವಲ್ಪ ಬೆಳೆದ ಮೇಲೆ ಎಲ್ಮ್-ರಿವ್ಯೂ ಹಾಕಿಕೋ, ಬಳಸದೆ ಉಳಿದ ಫಂಕ್ಷನ್‌ಗಳನ್ನು ಅದು ಹುಡುಕಿ ಕೊಡುತ್ತದೆ. ಸದ್ಯಕ್ಕೆ ಇಷ್ಟೇ ಸಾಕು, ಸುಮ್ನೆ ಜಾಸ್ತಿ ತುಂಬಿಕೊಳ್ಳಬೇಡ.

ಪ್ಯಾಕೇಜ್‌ಗಳನ್ನು ಎಲ್ಮ್‌ನ ಸ್ವಂತ ಸೈಟಿನಲ್ಲೇ ಹುಡುಕು. ಹೊರಗೆ ಕೊಟ್ಟ ಪ್ರತಿ ಫಂಕ್ಷನ್‌ಗೂ ವಿವರಣೆ ಬರೆಯದಿದ್ದರೆ ಪ್ರಕಟಿಸಲು ಅದು ಬಿಡುವುದೇ ಇಲ್ಲ. ವರ್ಷನ್ ನಂಬರ್ ಕೂಡ ಬರೆದವರು ಮನಸ್ಸಿಗೆ ಬಂದಂತೆ ಏರಿಸಲಾಗದು, ಫಂಕ್ಷನ್‌ಗಳ ಟೈಪ್‌ಗಳಲ್ಲಿ, ಅಂದರೆ ಅವು ಅಂಕಿ ತಗೊಳ್ಳುತ್ತವೋ ಅಕ್ಷರವೋ ಎಂಬುದರಲ್ಲಿ, ಏನು ಬದಲಾಗಿದೆ ಅಂತ ಟೂಲೇ ನೋಡಿ ನಿರ್ಧರಿಸುತ್ತದೆ. ಇಂಥ ಶಿಸ್ತು ನಾನು ಬೇರೆ ಕಡೆ ಕಂಡದ್ದು ಕಡಿಮೆ.

ಎಲ್ಲಕ್ಕಿಂತ ಒಳ್ಳೆಯ ಮೇಷ್ಟ್ರು ಅಂದರೆ ಕಂಪೈಲರ್, ನಾವು ಬರೆದ ಕೋಡನ್ನು ಪರೀಕ್ಷಿಸಿ ಓಡುವ ಪ್ರೋಗ್ರಾಂ ಮಾಡಿಕೊಡುವ ಟೂಲು. ಹಳೆಯ ಪಾಠ ನೋಡಿ, ಹೊಸದರಲ್ಲಿ ಇಲ್ಲದ ಟುಸ್ಟ್ರಿಂಗ್ (toString) ಅನ್ನುವ ಫಂಕ್ಷನ್ ಬರೆದೆ ಅನ್ನು, ಈ ಹೆಸರು ನನಗೆ ಸಿಗುತ್ತಿಲ್ಲ ಅಂತ ಹೇಳಿ, ಹತ್ತಿರದ ಹೆಸರುಗಳನ್ನೂ ತೋರಿಸುತ್ತದೆ. ತೋಟದ ಹಣ್ಣು ಕುಯ್ಲಿನ ಲೆಕ್ಕಕ್ಕೆ ಒಂದು ಪುಟ ಮಾಡಿದ್ದೇನಲ್ಲ, ಅದರಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಯಾರೋ ಒಬ್ಬ ಆಳಿನ ಕೆಜಿ ಹಾಕದೆ ಖಾಲಿ ಬಿಟ್ಟರೆ ಏನು ಮಾಡಬೇಕು ಅಂತ ನಾನು ಯೋಚಿಸಿಯೇ ಇರಲಿಲ್ಲ. ಅಕ್ಷರವನ್ನು ಅಂಕಿ ಮಾಡುವ ಜಾಗದಲ್ಲಿ ಕಂಪೈಲರ್ ಹಿಡಿದು ನಿಲ್ಲಿಸಿತು, ಖಾಲಿ ಇದ್ದರೆ ಏನು ಅಂತ ಬರೆಯುವ ತನಕ ಮುಂದೆ ಬಿಡಲಿಲ್ಲ. ಅದರ ಮೆಸೇಜನ್ನು ಪೂರ್ತಿ ಓದು, ಕೆಂಪು ಕಂಡ ಕೂಡಲೇ ಗೂಗಲ್‌ಗೆ ಓಡಬೇಡ.

ಭಾನುವಾರ ಬರುವಾಗ ಲ್ಯಾಪ್‌ಟಾಪ್ ತಗೊಂಡು ಬಾ. ಅಷ್ಟರಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಕೋಡನ್ನು ಆ ‘ಎಲ್ಲಿ’ ಎಡಿಟರ್‌ನಲ್ಲಿ ಹಾಕಿ ಲಿಂಕ್ ಕಳಿಸು, ಕರೆಂಟ್ ಬಂದ ಕೂಡಲೇ ನೋಡುತ್ತೇನೆ.

ನಿನ್ನ
ಚಿಕ್ಕಮ್ಮ