ಶುಲ್ಕದಿಂದ ಆಕ್ಸ್‌ಫರ್ಡ್ ಸೀಟು ಸಿಗುವುದೇ?

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ಖಾಸಗಿ ಶಾಲೆಗಳ ಶುಲ್ಕದ ಮೇಲೆ 2025ರ ಜನವರಿ 1ರಿಂದ ಶೇ 20ರಷ್ಟು ಮೌಲ್ಯವರ್ಧಿತ ತೆರಿಗೆ ಜಾರಿಯಾದ ಮೇಲೆ, ಇಷ್ಟು ಹಣ ತೆತ್ತರೂ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳು ತಮ್ಮ ಮಕ್ಕಳನ್ನು ಕಡೆಗಣಿಸುತ್ತಿವೆ ಎಂಬ ಪೋಷಕರ ಅಳಲು ಜೋರಾಗಿದೆ. ಈ ಅಳಲಿಗೆ ಆಧಾರ ಕಡಿಮೆ. ಅಲ್ಲಿನ ಒಟ್ಟು ಶಾಲಾ ಮಕ್ಕಳಲ್ಲಿ ಖಾಸಗಿ ಶಾಲೆಯವರು ಸುಮಾರು ಶೇ 7ರಷ್ಟಿದ್ದರೆ (ಹದಿನಾರು ದಾಟಿದವರ ತರಗತಿಗಳಲ್ಲಿ ಈ ಪ್ರಮಾಣ ಹೆಚ್ಚು, ನಿಜ), ಈ ಎರಡು ವಿಶ್ವವಿದ್ಯಾಲಯಗಳಿಗೆ ಪದವಿಗೆ ಸೇರುವ ಬ್ರಿಟಿಷ್ ವಿದ್ಯಾರ್ಥಿಗಳಲ್ಲಿ ಅವರ ಪಾಲು ಈಗಲೂ ಕಾಲು ಭಾಗವನ್ನು ಮೀರುತ್ತದೆ.

ಬದಲಾಗಿರುವುದು ಅಂಕಗಳನ್ನು ಓದುವ ಕ್ರಮ. ಅಭ್ಯರ್ಥಿಯ ಜಿಸಿಎಸ್‌ಇ (ಅಲ್ಲಿನ ಮಕ್ಕಳು ಹದಿನಾರರ ಸುಮಾರಿಗೆ ಬರೆಯುವ ಪರೀಕ್ಷೆ) ಫಲಿತಾಂಶವನ್ನು ಆತ ಓದಿದ ಶಾಲೆಯ ಸಾಮಾನ್ಯ ಸಾಧನೆಯ ಜೊತೆಗಿಟ್ಟು ಆಕ್ಸ್‌ಫರ್ಡ್ ಪರಿಶೀಲಿಸುತ್ತದೆ. ಹಿಂದುಳಿದ ಹಿನ್ನೆಲೆಯವರಿಗಾಗಿ ಕೇಂಬ್ರಿಜ್ 2022ರಲ್ಲಿ ಉಚಿತ ಪೂರ್ವಸಿದ್ಧತಾ ವರ್ಷವನ್ನೇ ಆರಂಭಿಸಿತು. ಹೀಗಿರುವಾಗ, ಹದಿನಾರರವರೆಗೆ ಖಾಸಗಿ ಶಾಲೆಯಲ್ಲಿ ಓದಿಸಿ ಕೊನೆಯ ಎರಡು ವರ್ಷಕ್ಕೆ ಮಾತ್ರ ಸರ್ಕಾರಿ ಕಾಲೇಜಿಗೆ ಸೇರಿಸುವ ಜಾಣತನದಿಂದ ಹೆಚ್ಚು ಲಾಭವಾಗದು.

ಸಣ್ಣ ತರಗತಿ, ಸಂಗೀತ, ಆಟದ ಮೈದಾನ, ಸಂದರ್ಶನಕ್ಕೆ ಅಣಿಗೊಳಿಸುವ ಅನುಭವಿ ಶಿಕ್ಷಕರು ಇವೆಲ್ಲ ಆ ಶಾಲೆಗಳಲ್ಲಿ ದೊರೆಯುತ್ತವೆ, ಮತ್ತು ಅವುಗಳಿಗಾಗಿಯೇ ಹಣ ತೆರುವವರನ್ನು ಆಕ್ಷೇಪಿಸಲು ನನಗೆ ಕಾರಣ ಕಾಣದು. ಆದರೆ ಹದಿಮೂರು ವರ್ಷಗಳ ಶುಲ್ಕವನ್ನು ಒಂದು ಸೀಟಿನ ಮುಂಗಡವೆಂದು ಭಾವಿಸಿದ್ದವರು, ಆ ಸೀಟು ಇನ್ನೊಬ್ಬರಿಗೆ ದೊರೆತಾಗ ಅದನ್ನು ಅನ್ಯಾಯವೆನ್ನುವುದು ಸರಿಯಲ್ಲ. ಅಂತಹ ಭರವಸೆಯನ್ನು ವಿಶ್ವವಿದ್ಯಾಲಯಗಳು ಎಂದೂ ಕೊಟ್ಟಿರಲಿಲ್ಲ.

ಇಂತಿ,
ನಿವೃತ್ತ ಉಪನ್ಯಾಸಕ