ಗೋಳಗುಮ್ಮಟಕ್ಕೆ ಇನ್ನು ಬೆಳಿಗ್ಗೆ 7ಕ್ಕೆ: ‘ಒಂದು ದಿನದ ವಿಜಯಪುರ ದರ್ಶನ’ದಲ್ಲಿ ಆಗಿರುವ ಬದಲಾವಣೆ

ವಿಜಯಪುರ ನೋಡಲು ಬರುವ ಎಲ್ಲ ಗ್ರಾಹಕ ಬಂಧುಗಳಿಗೆ ನಮಸ್ಕಾರ.

ಬರುವ ಅಕ್ಟೋಬರ್ 1ರಿಂದ ನಮ್ಮ ಸಹಕಾರ ಸಂಘದ ಒಂದು ದಿನದ ಪ್ರವಾಸದಲ್ಲಿ ಹೊರಡುವ ವೇಳೆ, ನೋಡುವ ಜಾಗ, ಊಟದ ವ್ಯವಸ್ಥೆ ಮೂರೂ ಬದಲಾಗುತ್ತವೆ. ಇಲ್ಲಿಯವರೆಗೆ ಬೆಳಿಗ್ಗೆ 9.30ಕ್ಕೆ ಹೊರಟು ಸಂಜೆಯೊಳಗೆ ಹನ್ನೊಂದು ಜಾಗ ತೋರಿಸುತ್ತಿದ್ದೆವು. ಇನ್ನು ಮುಂದೆ 6.30ಕ್ಕೇ ಸೇರಿ ಏಳು ಜಾಗ ಮಾತ್ರ ನೋಡುತ್ತೇವೆ, ನಡುವೆ ಮೂರು ತಾಸು ಬಿಡುವು ಇರುತ್ತದೆ. ದೂರದೂರಿನಿಂದ ಖರ್ಚು ಮಾಡಿಕೊಂಡು ಬರುವವರಿಗೆ ಜಾಗ ಯಾಕೆ ಕಡಿಮೆ ಮಾಡಿದೆವು ಅನ್ನುವುದನ್ನು ಬಿಡಿಸಿ ಹೇಳಬೇಕು, ಅದಕ್ಕೇ ಈ ಪತ್ರ.

ಮುಖ್ಯ ಕಾರಣ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿ. 1656ರಲ್ಲಿ ತೀರಿಕೊಂಡ ಇಲ್ಲಿಯ ಸುಲ್ತಾನ ಮೊಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಗುಮ್ಮಟ ಒಳಗಿನಿಂದ ಸುಮಾರು 38 ಮೀಟರ್ ಅಗಲ. ಗುಮ್ಮಟದ ಬುಡದಲ್ಲಿ ಒಳಸುತ್ತಿನ ಗ್ಯಾಲರಿ ಇದೆ. ಒಬ್ಬರು ಈ ಬದಿ, ಇನ್ನೊಬ್ಬರು ಸರಿಯಾಗಿ ಎದುರು ಬದಿ ನಿಂತು ಪಿಸುಮಾತು ಆಡಿದರೆ ಸ್ಪಷ್ಟವಾಗಿ ಕೇಳಬೇಕು. ಆದರೆ ಹತ್ತು ಗಂಟೆಗೆ ಮೇಲೆ ಹತ್ತಿದವರಿಗೆ ಕೇಳುವುದು ಬರೀ ಗದ್ದಲ. ಅಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಏಳೆಂಟು ಸಲ ಮರುದನಿಸುತ್ತದೆ. ಮೊದಲ ಚಪ್ಪಾಳೆಯ ದನಿ ಅಡಗುವ ಮುಂಚೆ ಎರಡನೆಯವರು ಕೂಗಿದರೆ ಎರಡೂ ಕಲಸಿಹೋಗುತ್ತವೆ. ಶಾಲಾ ಪ್ರವಾಸದ ಮಕ್ಕಳು ಐವತ್ತು ಜನ ಸೇರಿದರಂತೂ ಪಕ್ಕದಲ್ಲಿ ನಿಂತವರ ಮಾತೂ ತಿಳಿಯುವುದಿಲ್ಲ. ಮಕ್ಕಳದ್ದು ತಪ್ಪಲ್ಲ, ಅವರು ಕೂಗಿ ನೋಡಲೆಂದೇ ಬಂದಿರುತ್ತಾರೆ. ನಾವು ನಿಮ್ಮನ್ನು ಕರೆದೊಯ್ಯುತ್ತಿದ್ದ ಹೊತ್ತೇ ತಪ್ಪಾಗಿತ್ತು. ನವೆಂಬರಿನಿಂದ ಜನವರಿವರೆಗೆ ಶಾಲಾ ಬಸ್ಸುಗಳು ಒಂಬತ್ತರ ನಂತರ ಸಾಲುಗಟ್ಟುತ್ತವೆ. ಅಷ್ಟರೊಳಗೆ ನೀವು ಗ್ಯಾಲರಿ ನೋಡಿ ಇಳಿದಿರಬೇಕು.

ಹೊಸ ವೇಳೆಯ ಪ್ರಕಾರ ಬೆಳಿಗ್ಗೆ 6.30ಕ್ಕೆ ಗೋಳಗುಮ್ಮಟದ ಗೇಟಿನ ಹೊರಗೆ ಸೇರಿ ಚಹಾ, ಉಪ್ಪಿಟ್ಟು ಅಥವಾ ಇಡ್ಲಿ ಮುಗಿಸಿಕೊಳ್ಳುತ್ತೇವೆ. ತಿಂಡಿ ಬಿಟ್ಟು ಬರಬೇಡಿ, ಒಳಗೆ ಹೋದಮೇಲೆ ಸುಮಾರು ಮೂರು ತಾಸು ಏನೂ ತಿನ್ನಲು ಸಿಗುವುದಿಲ್ಲ. ಟಿಕೆಟ್ ಹಣ ನಮ್ಮ ದರದಲ್ಲಿ ಸೇರಿಲ್ಲ, ಕೌಂಟರಿನಲ್ಲಿ ನೀವೇ ಕೊಡಬೇಕು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ.

ಒಳಗೆ ಹೋದಕೂಡಲೇ ಫೋಟೋಕ್ಕೆ ನಿಲ್ಲದೆ ನೇರ ಮೇಲೆ ಹತ್ತಿ. ಫೋಟೋ ಇಳಿದಮೇಲೂ ತೆಗೆಯಬಹುದು, ನಿಶ್ಶಬ್ದ ಮಾತ್ರ ಆಮೇಲೆ ಸಿಗುವುದಿಲ್ಲ. ಮೆಟ್ಟಿಲುಗಳು ಮೂಲೆಯ ಏಳಂತಸ್ತಿನ ಗೋಪುರದೊಳಗೆ ಇವೆ. ಇಕ್ಕಟ್ಟು, ಎತ್ತರದ ಕಲ್ಲಿನ ಮೆಟ್ಟಿಲು, ಬೆಳಕೂ ಕಡಿಮೆ. ಮೊಣಕಾಲು ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಒಂದು ಕೈ ಗೋಡೆಗೆ ಆನಿಸಿಕೊಂಡು ಇಳಿಯಬೇಕಾಗುತ್ತದೆ, ಆದ್ದರಿಂದ ಎರಡೂ ಕೈಯಲ್ಲಿ ಚೀಲ ಹಿಡಿಯಬೇಡಿ. ಪ್ರತಿ ಅಂತಸ್ತಿನಲ್ಲೂ ಅರ್ಧ ನಿಮಿಷ ನಿಂತು ಹೋದರೆ ಅರವತ್ತು ದಾಟಿದವರೂ ಹತ್ತಬಲ್ಲರು. ಉಸಿರಾಟ, ಹೃದಯದ ತೊಂದರೆ ಇದ್ದವರು ಕೆಳಗೇ ಇರಿ, ಅವರ ಜೊತೆ ನಮ್ಮವರೊಬ್ಬರು ಇರುತ್ತಾರೆ.

ಮೇಲೆ ತಾರಸಿಗೆ ಬಂದು, ಸುಮಾರು 3 ಮೀಟರ್ ದಪ್ಪದ ಗುಮ್ಮಟದ ಗೋಡೆಯಲ್ಲಿರುವ ಬಾಗಿಲಿನಿಂದ ಗ್ಯಾಲರಿಗೆ ಇಳಿದಮೇಲೆ ಮಾಡಬೇಕಾದ್ದು ಇಷ್ಟು. ಇಬ್ಬಿಬ್ಬರು ಜೋಡಿಯಾಗಿ ಎದುರುಬದುರು ಹೋಗಿ. ಗೋಡೆಯ ಪಕ್ಕ ಕುಳಿತು, ಬಾಯಿ ಗೋಡೆಯ ಕಡೆಗೆ ಇಟ್ಟು ಮೆಲ್ಲಗೆ ಮಾತಾಡಿ. ಬಹಳ ಜನ ನಡುವಿನ ಟೊಳ್ಳಿನ ಕಡೆ ಮುಖ ಮಾಡಿ ಕೂಗುತ್ತಾರೆ, ಆಗ ದನಿ ಹರಡಿ ಮರುದನಿಯಾಗುತ್ತದೆಯೇ ಹೊರತು ಮಾತು ತಲುಪುವುದಿಲ್ಲ. ಗೋಡೆಗೆ ಹತ್ತಿ ಆಡಿದ ಮಾತು ಆ ದುಂಡನೆಯ ಮೈಯನ್ನೇ ಹಿಡಿದುಕೊಂಡು ಹೋಗುತ್ತದೆ. ಕೇಳುವವರೂ ಕಿವಿಯನ್ನು ಗೋಡೆಗೆ ಹತ್ತಿರ ಇಡಬೇಕು. ಒಂದು ಜೋಡಿ ಆಡುವಾಗ ಉಳಿದವರು ಸುಮ್ಮನಿರಬೇಕು. ಇದೇ ಕಾರಣಕ್ಕೆ ಒಂದು ತಂಡಕ್ಕೆ ಇನ್ನು ಎಂಟೇ ಜನ, ಮೊದಲಿನಂತೆ ಹದಿನೆಂಟಲ್ಲ. ಕಾಗದ ಮಡಚುವ ಸದ್ದು, ಕೈಗಡಿಯಾರದ ಟಿಕ್ ಟಿಕ್ ಕೂಡ ಎದುರಿನವರಿಗೆ ಕೇಳಿಸಿ ನೋಡಿ. ಚಿಕ್ಕ ಮಕ್ಕಳನ್ನು ಒಳಗಿನ ಕಟಕಟೆಯ ಕಡೆ ಬಿಡದೆ ಗೋಡೆಯ ಕಡೆಗೇ ನಡೆಸಿ.

ಇಳಿದಮೇಲೆ ಕೆಳಗಿನ ಹಜಾರದಲ್ಲಿ ನಿಂತು ತಲೆಯೆತ್ತಿ ನೋಡಲು ಕಾಲು ತಾಸು ಇಟ್ಟಿದ್ದೇವೆ. ನಡುವೆ ಒಂದೂ ಕಂಬವಿಲ್ಲ. ಚೌಕದ ಗೋಡೆಗಳಿಂದ ಎದ್ದ ಎಂಟು ಕಮಾನುಗಳು ಒಂದನ್ನೊಂದು ಹಾದು, ಒಳಕ್ಕೆ ವಾಲಿ, ಚೌಕವನ್ನು ದುಂಡಾಗಿಸುತ್ತವೆ. ಅವುಗಳ ಮೇಲೆ ಗುಮ್ಮಟ ಕೂತಿದೆ. ಮೊದಲು ಗ್ಯಾಲರಿ ನೋಡಿ ಬಂದವರಿಗೆ ತಾವು ಎಲ್ಲಿ ನಿಂತಿದ್ದೆವು ಅನ್ನುವುದು ಇಲ್ಲಿಂದ ಚೆನ್ನಾಗಿ ತಿಳಿಯುತ್ತದೆ. ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗೆ ಮಾತ್ರ, ನಿಜವಾದವು ನೆಲಮಾಳಿಗೆಯಲ್ಲಿವೆ.

ಮುಂಭಾಗದ ನಗಾರಖಾನೆಯಲ್ಲೇ (ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡ) ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಅದು ಗುಮ್ಮಟದಷ್ಟು ಬೇಗ ತೆರೆಯುವುದಿಲ್ಲ, ಆದ್ದರಿಂದ ಅದನ್ನು ಕೊನೆಗೆ ಇಟ್ಟಿದ್ದೇವೆ. ಮೊದಲು ಹತ್ತು ನಿಮಿಷದಲ್ಲಿ ಓಡಿಸಿಕೊಂಡು ಹೋಗುತ್ತಿದ್ದೆವು, ಈಗ ಮುಕ್ಕಾಲು ತಾಸು ಕೊಟ್ಟಿದ್ದೇವೆ. ಕನ್ನಡ, ಸಂಸ್ಕೃತ, ಅರಬ್ಬಿ, ಪಾರಸಿ ಶಾಸನಗಳು, ಹಳೆಯ ಶಿಲ್ಪಗಳು, ಚೀನೀ ಪಿಂಗಾಣಿ, ಆಯುಧ, ರತ್ನಗಂಬಳಿ, ಕಿರುಚಿತ್ರಗಳು ಒಂದೇ ಸೂರಿನಡಿ ಇವೆ. ಆದಿಲ್ ಶಾಹಿಗಳಿಗಿಂತ ಮುಂಚಿನ ಈ ಊರನ್ನು ನೋಡಬೇಕಾದರೆ ಇಲ್ಲಿಯ ಕನ್ನಡ ಶಾಸನ ಮತ್ತು ಶಿಲ್ಪಗಳ ಮುಂದೆ ನಿಲ್ಲಬೇಕು.

ಹತ್ತರ ನಂತರ ಜುಮ್ಮಾ ಮಸೀದಿ, ಅಲ್ಲಿಂದ ಬಾರಾ ಕಮಾನ್. ಮಸೀದಿಗೆ ತೋಳು, ಮೊಣಕಾಲು ಮುಚ್ಚುವ ಬಟ್ಟೆ ಇರಲಿ, ತಲೆಗೆ ಒಂದು ವಸ್ತ್ರವೂ ಇರಲಿ. ಒಂದನೆಯ ಅಲಿ ಆದಿಲ್ ಶಾಹ ಶುರುಮಾಡಿದ ಈ ಮಸೀದಿಯ ನೆಲದಲ್ಲಿ ಔರಂಗಜೇಬನ ಕಾಲಕ್ಕೆ ಗುರುತು ಮಾಡಿದ ಎರಡು ಸಾವಿರಕ್ಕೂ ಹೆಚ್ಚು ನಮಾಜಿನ ಚೌಕಗಳಿವೆ. ಎರಡನೆಯ ಅಲಿಯ ಅರೆಬರೆ ಸಮಾಧಿ ಬಾರಾ ಕಮಾನಿಗೆ ಚಾವಣಿಯೇ ಇಲ್ಲ, ಮಾರ್ಚ್‌ನಿಂದ ಮೇವರೆಗೆ ಹನ್ನೊಂದರ ಬಿಸಿಲಲ್ಲಿ ಅಲ್ಲಿ ನಿಲ್ಲಲಾಗುವುದಿಲ್ಲ. ಆ ಮೂರು ತಿಂಗಳು ಅದನ್ನು ವಾಹನದಿಂದಲೇ ತೋರಿಸಿ ಮುಂದೆ ಹೋಗುತ್ತೇವೆ. ಮಸೀದಿಯಿಂದ ಬಾರಾ ಕಮಾನಿಗೆ ಟಾಂಗಾ ಬೇಕೆಂದವರು ಮೊದಲೇ ತಿಳಿಸಿ. ಒಂದು ಟಾಂಗಾಕ್ಕೆ ಮೂರು ಜನರಿಗಿಂತ ಹೆಚ್ಚು ಹತ್ತಿಸುವುದಿಲ್ಲ, ಬೇಸಿಗೆಯಲ್ಲಿ ಕುದುರೆ ಕಟ್ಟುವುದೇ ಇಲ್ಲ.

ಇನ್ನು ಊಟದ ಮಾತು. ಇಲ್ಲಿಯವರೆಗೆ ಎಲ್ಲರಿಗೂ ಒಂದೇ ಕಡೆ ಮುಂಚಿತವಾಗಿ ಹೇಳಿ, ಎರಡೂವರೆಗೆ ಊಟಕ್ಕೆ ಕೂರಿಸುತ್ತಿದ್ದೆವು. ಜೋಳದ ರೊಟ್ಟಿಗೆ ಈ ಪದ್ಧತಿ ಹೊಂದುವುದಿಲ್ಲ. ಬಿಸಿನೀರು ಹಾಕಿ ನಾದಿದ ಜೋಳದ ಹಿಟ್ಟಿಗೆ ಜಿಗಿ ಇರುವುದು ಸ್ವಲ್ಪ ಹೊತ್ತು ಮಾತ್ರ. ಇಟ್ಟುಬಿಟ್ಟರೆ ಬಡಿಯುವಾಗ ಅಂಚು ಸೀಳುತ್ತದೆ. ಆದ್ದರಿಂದ ಒಳ್ಳೆಯ ಖಾನಾವಳಿಯಲ್ಲಿ ಒಂದೊಂದು ಮುದ್ದೆ ನಾದಿ, ಒಂದೊಂದೇ ರೊಟ್ಟಿ ಬಡಿದು ತಟ್ಟೆಗೆ ಹಾಕುತ್ತಾರೆ. ಹದಿನೆಂಟು ಜನರಿಗೆ ಒಟ್ಟಿಗೆ ಬಡಿಸಬೇಕೆಂದರೆ ಮೊದಲೇ ಮಾಡಿ ಪೇರಿಸಿ ಇಡಬೇಕು, ಆ ರೊಟ್ಟಿ ತಣ್ಣಗಾಗಿ ಚರ್ಮದಂತಾಗುತ್ತದೆ. ದೂರದಿಂದ ಬಂದವರು ಅದನ್ನು ತಿಂದು ರೊಟ್ಟಿಯೆಂದರೆ ಇಷ್ಟೇ ಅಂದುಕೊಂಡು ಹೋಗುವುದು ನಮಗೆ ಸಂಕಟದ ವಿಷಯ.

ಹಾಗಾಗಿ ಊಟವನ್ನು ಪ್ಯಾಕೇಜಿನಿಂದ ತೆಗೆದು, ಅದರ ಹಣವನ್ನೂ ದರದಿಂದ ಇಳಿಸಿದ್ದೇವೆ. ಹನ್ನೆರಡೂವರೆಗೆ ನಿಮ್ಮನ್ನು ಖಾನಾವಳಿಯ ಬಾಗಿಲಿಗೆ ಬಿಡುತ್ತೇವೆ, ಹಣ ನೀವು ಅಲ್ಲೇ ಕೊಡಿ. ತಟ್ಟೆಯಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯಸೊಪ್ಪು ಇರುತ್ತವೆ. ‘ಖಡಕ್’ ಕೇಳಿದರೆ ಒಣಗಿಸಿದ ಗರಿಗರಿ ರೊಟ್ಟಿ ಕೊಡುತ್ತಾರೆ, ಹಲ್ಲು ಸೂಕ್ಷ್ಮ ಇದ್ದವರು ಬಿಸಿಯದನ್ನೇ ಕೇಳಿ. ಖಾರ ತಡೆಯದವರು ಹಿಂಡಿಗೆ ಮೊಸರು ಕಲಸಿಕೊಳ್ಳಿ, ನೀರು ಕುಡಿದರೆ ಉರಿ ತಗ್ಗುವುದಿಲ್ಲ. ಶೇಂಗಾ ಮೈಗೆ ಒಗ್ಗದವರು ಬುಕಿಂಗ್ ಮಾಡುವಾಗಲೇ ಹೇಳಲೇಬೇಕು. ಇಲ್ಲಿ ಶೇಂಗಾ ಹಿಂಡಿಯಲ್ಲಿ ಮಾತ್ರವಲ್ಲ, ಎಣ್ಣೆಗಾಯಿಯ ಮಸಾಲೆಯಲ್ಲಿ, ಪಲ್ಯದ ಪುಡಿಯಲ್ಲಿ, ಹೋಳಿಗೆಯಲ್ಲಿ, ಎಷ್ಟೋ ಕಡೆ ಒಗ್ಗರಣೆಯ ಎಣ್ಣೆಯಲ್ಲೂ ಇರುತ್ತದೆ. ಕಣ್ಣಿಗೆ ಕಾಣದ ಶೇಂಗಾವೇ ಹೆಚ್ಚು ಅಪಾಯ.

ಊಟದ ನಂತರ ಮೂರೂವರೆವರೆಗೆ ನಿಮ್ಮ ವಸತಿಯಲ್ಲಿ ವಿಶ್ರಾಂತಿ. ಈ ಬಿಡುವು ಬೇಡ, ಆ ಹೊತ್ತಿನಲ್ಲಿ ಇನ್ನೆರಡು ಜಾಗ ತೋರಿಸಿ ಎಂದು ಕೇಳುವವರಿದ್ದಾರೆ. ನಡು ಮಧ್ಯಾಹ್ನ ಇಬ್ರಾಹಿಂ ರೋಜಾದ ಕಟ್ಟೆಯ ಮೇಲೆ ಬರಿಗಾಲಲ್ಲಿ ಹೆಜ್ಜೆಯಿಟ್ಟವರು ಹೀಗೆ ಕೇಳಲಾರರು. ಕಲ್ಲು ಕಾದ ಹೆಂಚಿನಂತಿರುತ್ತದೆ, ಜನ ಅಲ್ಲಿ ಕಲ್ಲಿನಲ್ಲಿ ಕೊರೆದ ಅಕ್ಷರ ನೋಡುವುದು ಬಿಟ್ಟು ನೆರಳಿಗೆ ಓಡುತ್ತಾರೆ. ಒಂದು ಜೊತೆ ಕಾಲುಚೀಲ ಚೀಲದಲ್ಲಿ ಇಟ್ಟುಕೊಳ್ಳಿ, ಸಂಜೆಗೂ ಉಪಯೋಗಕ್ಕೆ ಬರುತ್ತದೆ.

3.45ಕ್ಕೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 14 ಅಡಿ ಉದ್ದ, 55 ಟನ್ ತೂಕ. ಹತ್ತಿರದಲ್ಲೇ ಉಪಲಿ ಬುರುಜು. ಅದರ ಮೆಟ್ಟಿಲು ಹೊರಗೋಡೆಯನ್ನು ಸುತ್ತಿಕೊಂಡು ಹೋಗುತ್ತದೆ, ಇಳಿಯುವಾಗ ಗೋಡೆಯ ಬದಿಗೇ ಇರಿ. ಎತ್ತರ ಕಂಡರೆ ತಲೆ ಸುತ್ತುವವರು ಹತ್ತಬೇಡಿ.

ಇಬ್ರಾಹಿಂ ರೋಜಾಕ್ಕೆ 4.45ರ ಹೊತ್ತಿಗೆ ತಲುಪಿ ಮುಚ್ಚುವವರೆಗೂ ಅಲ್ಲೇ ಇರುತ್ತೇವೆ. ಒಂದೇ ಕಟ್ಟೆಯ ಮೇಲೆ ಪೂರ್ವಕ್ಕೆ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಸಮಾಧಿ, ಪಶ್ಚಿಮಕ್ಕೆ ಮಸೀದಿ, ನಡುವೆ ನೀರಿನ ಕೊಳ. ಸಂಜೆಯ ಬಿಸಿಲು ಸಮಾಧಿಯ ಪಶ್ಚಿಮದ ಮುಖಕ್ಕೆ ಓರೆಯಾಗಿ ಬಿದ್ದಾಗ ಕೆತ್ತನೆಯ ಆಳ ಎದ್ದು ಕಾಣುತ್ತದೆ. ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಅದೇ ಗೋಡೆ ಸಪ್ಪೆ. ಕಿಟಕಿಗಳನ್ನು ತಪ್ಪಿಸಬೇಡಿ: ಅಲ್ಲಿ ಕಲ್ಲನ್ನು ಅಕ್ಷರಗಳ ಆಕಾರದಲ್ಲೇ ಕೊರೆದು ಜಾಲರಿ ಮಾಡಿದ್ದಾರೆ, ಅಕ್ಷರಗಳ ಸಂದಿನಿಂದಲೇ ಬೆಳಕು ಒಳಗೆ ಬರುತ್ತದೆ. ಒಳಗೆ ನಿಂತು ಹೊರಗಿನ ಬೆಳಕಿಗೆ ಎದುರಾಗಿ ನೋಡಿದರೆ ಚೆನ್ನ. ಈ ಊರಿನ ಕಟ್ಟಡಗಳಲ್ಲಿ ಕೈಕೆಲಸದ ನಾಜೂಕಿಗೆ ಮೊದಲ ಸ್ಥಾನ ಇದಕ್ಕೇ ಎಂಬುದು ನಮ್ಮ ಅಭಿಪ್ರಾಯ. ಮೊದಲು ಇಪ್ಪತ್ತು ನಿಮಿಷ ಕೊಡುತ್ತಿದ್ದ ನಾವು ಈಗ ಒಂದು ತಾಸಿನ ಮೇಲೆ ಕೊಟ್ಟಿರುವುದು ಅದಕ್ಕಾಗಿ.

ಪಟ್ಟಿಯಿಂದ ಬಿಟ್ಟುಹೋದವು ಗಗನ ಮಹಲ್, ಆಸಾರ್ ಮಹಲ್, ತಾಜ್ ಬಾವಡಿ ಮತ್ತು ಶಿವಗಿರಿ. ಎರಡನೆಯ ದಿನ ಉಳಿಯುವವರಿಗೆ ಈ ನಾಲ್ಕನ್ನು ಬೆಳಗಿನ ಅರ್ಧ ದಿನದಲ್ಲಿ ಬೇರೆಯಾಗಿ ತೋರಿಸುತ್ತೇವೆ.

ಶುಕ್ರವಾರ ನಗರದೊಳಗಿನ ಪ್ರವಾಸ ಇರುವುದಿಲ್ಲ. ಆ ದಿನ ಮ್ಯೂಸಿಯಂಗೆ ರಜೆ, ಜುಮ್ಮಾ ಮಸೀದಿಯಲ್ಲಿ ಪ್ರಾರ್ಥನೆಗೆ ಜನ ಸೇರುತ್ತಾರೆ. ಅದರ ಬದಲು ತೊರವಿಯ ಸಂಗೀತ ಮಹಲ್ ಮತ್ತು ಸಿಂದಗಿ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ದೂರದ ಕುಮಟಗಿಗೆ ಹೋಗುತ್ತೇವೆ. ಕುಮಟಗಿಯ ಬೇಸಿಗೆ ಅರಮನೆಯಲ್ಲಿ ಕೊಳವೆಗಳ ಮೂಲಕ ನೀರು ಏರಿಸಿ ಕಾರಂಜಿ ಚಿಮ್ಮಿಸುತ್ತಿದ್ದ ವ್ಯವಸ್ಥೆಯ ಕುರುಹು ಇನ್ನೂ ಇದೆ. ಅಲ್ಲಿ ಹೋಟೆಲ್ ಸಿಗುವುದಿಲ್ಲ, ಬುತ್ತಿ ಕಟ್ಟಿಸಿಕೊಂಡೇ ಹೊರಡಬೇಕು.

ಜನವರಿಯ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಇರುತ್ತದೆ, ಆ ದಿನಗಳಲ್ಲಿ ಬರುವವರು ವಸತಿಯನ್ನು ಬಹಳ ಮುಂಚೆ ಗೊತ್ತುಮಾಡಿಕೊಳ್ಳಿ.

ಅಕ್ಟೋಬರ್ 1ರ ನಂತರದ ದಿನಗಳಿಗೆ ಈಗಾಗಲೇ ಹಣ ಕಟ್ಟಿದವರಿಗೆ ಊಟದ ಬಾಬ್ತಿನ ಹಣ ಹಿಂತಿರುಗಿಸುತ್ತೇವೆ. ಹೊಸ ವೇಳೆ ಹೊಂದದಿದ್ದರೆ ಪೂರ್ತಿ ಹಣ ವಾಪಸ್ ಕೇಳಬಹುದು, ಕಡಿತ ಇಲ್ಲ. ಶುಕ್ರವಾರಕ್ಕೆ ಬುಕ್ ಮಾಡಿದವರು ದಿನ ಬದಲಿಸುತ್ತೀರೋ, ತೊರವಿ–ಕುಮಟಗಿಗೆ ಬರುತ್ತೀರೋ ತಿಳಿಸಿ. ಹೊಸದಾಗಿ ಬುಕ್ ಮಾಡುವವರು ದರದ ನಾಲ್ಕನೇ ಒಂದು ಭಾಗ ಮುಂಗಡ ಕಟ್ಟಿದರೆ ಸಾಕು. ಜೊತೆಗೆ ತಂಡದಲ್ಲಿ ಎಷ್ಟು ಜನ, ಮಕ್ಕಳ ವಯಸ್ಸು, ಮೆಟ್ಟಿಲು ಹತ್ತಲಾಗದವರು ಇದ್ದಾರೆಯೇ, ಶೇಂಗಾ ಆಗದವರು ಇದ್ದಾರೆಯೇ, ಇಷ್ಟನ್ನು ಬರೆದು ಕಳಿಸಿ. ಹಿಂದಿನ ದಿನ ಸಂಜೆ ಏಳರೊಳಗೆ ನಿಮ್ಮ ಮಾರ್ಗದರ್ಶಿಯೇ ಫೋನ್ ಮಾಡಿ ಸೇರುವ ಜಾಗ ಹೇಳುತ್ತಾರೆ.

ಇಂತಿ,
ಸಂಘದ ಚಾಲಕರು ಮತ್ತು ಮಾರ್ಗದರ್ಶಿಗಳ ಪರವಾಗಿ
ವಿಜಯಪುರ